ದಿನಕ್ಕೆರಡು ಗಂಟೆ ಬಯಲು

ಜೂನ್ 3

ಬೆಳಗ್ಗೆಯಿಂದ ಮೂರು ಸೆಟ್ ಕಟ್ಟುಹಲ್ಲು. ಎರಡು ಮೇಲ್ದವಡೆ, ಒಂದು ಕೆಳದವಡೆ. ಮೇಣದಲ್ಲಿ ಕೂರಿಸಿದ್ದಾಯಿತು, ನಾಳೆ ಅಕ್ರಿಲಿಕ್ ತುಂಬಿ ಬೇಯಿಸಬೇಕು. ಪ್ಲಾಸ್ಟರ್ ಧೂಳು ಮೂಗಿನ ತುಂಬ. ಕಿಟಕಿ ಮುಚ್ಚಿಯೇ ಕೆಲಸ. ಗಾಳಿಗೆ ಧೂಳು ಏಳುತ್ತದೆ ಎಂದು ಅಕ್ಕನಿಗೆ ಹೇಳುತ್ತೇನೆ. ನಿಜ ಅದಲ್ಲ. ರಸ್ತೆಯ ಸದ್ದು ಒಳಗೆ ಬರಬಾರದು, ಅಷ್ಟೆ.

ಶಾಲೆಯ ವ್ಯಾನ್ ಬಂದದ್ದು 3:50ಕ್ಕೆ. ಮಗಳನ್ನು ಗೇಟಿನಿಂದ ಕೈ ಹಿಡಿದು ಒಳಗೆ ಕರೆತಂದೆ. ಹನ್ನೆರಡು ಹೆಜ್ಜೆ. ಚಿಲಕ ಹಾಕಿದ ಮೇಲೆಯೇ ನನಗೆ ಉಸಿರು. ಒಂಬತ್ತು ವರ್ಷ ಅವಳಿಗೆ. ಅಕ್ಕ ಕರೆಯುವುದು ಕಡ್ಡಿ ಎಂದು. ಅಷ್ಟು ಸಣಕಲು.

ಟೀಚರ್ ಚೀಟಿ ಕಳಿಸಿದ್ದಾರೆ. ಮೊದಲ ಬೆಂಚಿನಲ್ಲಿ ಕೂರಿಸಿದರೂ ಬೋರ್ಡ್ ಕಾಣುವುದಿಲ್ಲವಂತೆ, ಪಕ್ಕದವಳ ಪುಸ್ತಕ ನೋಡಿ ಬರೆಯುತ್ತಾಳಂತೆ. ಕನ್ನಡಕ ಮಾಡಿಸಿ ಇನ್ನೂ ವರ್ಷ ತುಂಬಿಲ್ಲ!

ಅಡುಗೆಮನೆ ಬಾಗಿಲಲ್ಲಿ ನಿಂತು ಮೂರು ಬೆರಳು ತೋರಿಸಿದೆ. ಎಷ್ಟು?

“ಐದು.” ಆಮೇಲೆ ನನ್ನ ಮುಖ ನೋಡಿ, “ಅಲ್ಲ, ಎರಡು.”

ಜೂನ್ 7

ಕಣ್ಣಿನ ಡಾಕ್ಟರ್. ಐವತ್ತರ ಹೆಂಗಸು, ಮುಲಾಜಿಲ್ಲದ ಮಾತು. ಹೋದ ವರ್ಷ ಮೈನಸ್ ಎರಡೂವರೆ ಇದ್ದ ನಂಬರ್ ಈಗ ನಾಲ್ಕೂ ಮುಕ್ಕಾಲು.

“ದಿನಕ್ಕೆ ಎಷ್ಟು ಹೊತ್ತು ಹೊರಗೆ ಆಡ್ತಾಳೆ?”

“ಒಂದು ಗಂಟೆ ಇರಬಹುದು,” ಎಂದೆ.

ಮಗಳು ಕುರ್ಚಿಯಲ್ಲೇ ನನ್ನ ಕಡೆ ತಿರುಗಿದಳು. “ಯಾವಾಗಪ್ಪಾ?”

ಡಾಕ್ಟರ್ ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಶಾಲೆಯ ಮೈದಾನದಲ್ಲಿ ಕಟ್ಟಡ ಏಳುತ್ತಿದೆ, ಅಲ್ಲೂ ಆಟವಿಲ್ಲ ಎಂದು ನಾನೇ ತೊದಲಿದೆ.

“ನೋಡಿ, ಮಗುವಿನ ಕಣ್ಣು ಬೆಳೀತಾ ಇದೆ, ಬೇಕಾದ್ದಕ್ಕಿಂತ ಉದ್ದ ಬೆಳೀತಾ ಇದೆ. ಕನ್ನಡಕ ಕೊಡ್ತೀನಿ, ಹನಿ ಔಷಧಿ ಕೊಡ್ತೀನಿ. ಹಗಲು ಬೆಳಕಲ್ಲಿ ದಿನಾ ಎರಡು ಗಂಟೆ ಬಯಲಲ್ಲಿ ಇರೋದು ಮಾತ್ರ ನೀವೇ ಕೊಡಬೇಕು. ಬಂದಿರೋ ನಂಬರ್ ಹೋಗಲ್ಲ. ಏರೋ ವೇಗ ತಗ್ಗಬಹುದು.”

“ತಗ್ಗದೇ ಹೋದ್ರೆ?”

“ಹೀಗೇ ಏರ್ತಾ ಹೋದ್ರೆ ದೊಡ್ಡವಳಾದ ಮೇಲೆ ಕಣ್ಣಿನ ಹಿಂಭಾಗದ ಪರದೆ ಹರಿಯೋ ಅಪಾಯ ಜಾಸ್ತಿ. ಆಗ ಕನ್ನಡಕದಿಂದ ಏನೂ ಆಗಲ್ಲ.”

ಮಗಳು ಗೋಡೆಯ ಮೇಲಿನ ಅಕ್ಷರದ ಬೋರ್ಡನ್ನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಮೇಲಿನ ಒಂದೇ ಒಂದು ದೊಡ್ಡ ಅಕ್ಷರವನ್ನು.

ಜೂನ್ 8

ಕೆಲಸ ಸಾಗಲಿಲ್ಲ. ಒಂದು ಅಚ್ಚು ಕೈಜಾರಿ ಒಡೆಯಿತು.

ಬರೆದೇ ಬಿಡುತ್ತೇನೆ. ಎರಡು ವರ್ಷ ಮೂರು ತಿಂಗಳಾಯಿತು. ಒಂದು ಸೆಟ್ ಹಲ್ಲು ದಂತವೈದ್ಯರ ಕ್ಲಿನಿಕ್‌ಗೆ ತುರ್ತಾಗಿ ಹೋಗಬೇಕಿತ್ತು. ಒಲೆಯ ಮೇಲೆ ಇನ್ನೊಂದು ಬೇಯುತ್ತಿತ್ತು, ಬಿಟ್ಟು ಏಳುವಂತಿರಲಿಲ್ಲ. ನನ್ನ ಹೆಂಡತಿಯೇ ಹಲ್ಲಿನ ಡಬ್ಬಿ ಕಿತ್ತುಕೊಂಡಳು. “ಕೊಡಿ ಇಲ್ಲಿ, ಹತ್ತು ನಿಮಿಷದಲ್ಲಿ ಬಂದೆ.” ಮುಖ್ಯರಸ್ತೆ ದಾಟುವ ಜಾಗದಲ್ಲಿ ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು. ಕಿಟಕಿ ತೆರೆದಿತ್ತು. ಸದ್ದು ನನಗೆ ಕೇಳಿಸಿತು. ಯಾವುದೋ ಗಾಡಿ ಎಂದುಕೊಂಡು ಹಲ್ಲಿನ ಅಂಚು ಉಜ್ಜುತ್ತಲೇ ಇದ್ದೆ.

ಅಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡಳು ಎಂದಷ್ಟೇ ಮಗಳಿಗೆ ಗೊತ್ತು. ಅದು ಸುಳ್ಳಲ್ಲ. ಆಸ್ಪತ್ರೆಯಲ್ಲೇ ಉಸಿರು ನಿಂತದ್ದು.

ಇಲ್ಲಿಯ ಮಕ್ಕಳು ಆಡುವ ಮೈದಾನ ಇರುವುದು ಆ ರಸ್ತೆಯ ಆಚೆ.

ಜೂನ್ 11

ಉಪಾಯ ಹೊಳೆಯಿತು. ಬೆಳಕು ತಾನೆ ಬೇಕಾದ್ದು? ಹಾಲ್‌ನಲ್ಲಿ ಹೊಸದಾಗಿ ನಾಲ್ಕು ಟ್ಯೂಬ್‌ಲೈಟ್ ಹಾಕಿಸಿದೆ. ಕಣ್ಣು ಕುಕ್ಕುವಂತಿದೆ. ಅಕ್ಕ ಕೈ ಅಡ್ಡ ಹಿಡಿದುಕೊಂಡು ಒಳಗೆ ಬಂದಳು. “ಏನೋ ಇದು, ಮನೆಯೋ ಆಪರೇಷನ್ ಥಿಯೇಟರೋ?”

ಕಣ್ಣಿನ ಕ್ಲಿನಿಕ್‌ಗೆ ಫೋನ್ ಮಾಡಿ ಕೇಳಿದೆ. ಫೋನ್ ಎತ್ತಿದ ಹುಡುಗಿ ನಕ್ಕಳು. ಹೊರಗೆ ಮರದ ನೆರಳಲ್ಲಿ ಇರುವ ಬೆಳಕಿನ ಹತ್ತರಲ್ಲಿ ಒಂದು ಪಾಲೂ ಆಗುವುದಿಲ್ಲವಂತೆ. ಫೋನ್ ಇಟ್ಟೆ. ಟ್ಯೂಬ್‌ಲೈಟ್ ಗುಂಯ್ ಎನ್ನುತ್ತಿತ್ತು.

ಜೂನ್ 13, ಸಂಜೆ

ಟೆರೇಸಿಗೆ ಕರೆದುಕೊಂಡು ಹೋದೆ. ಮೂರನೇ ಮಹಡಿಯ ಮೇಲೆ. ಅಂಚಿನ ತಡೆಗೋಡೆ ಅವಳ ಎದೆಯವರೆಗೆ ಬರುತ್ತದೆ, ಅಳತೆ ತೆಗೆದುಕೊಂಡು ಬಂದಿದ್ದೆ. ಆದರೂ ನಡುವೆ ನೀರಿನ ಟ್ಯಾಂಕಿನ ಪಕ್ಕ ನಿಲ್ಲಿಸಿ ಕೈ ಹಿಡಿದುಕೊಂಡೆ. ಬಿಡಲಿಲ್ಲ. ಮೋಡ ನೋಡಿದಳು. ಹಕ್ಕಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

“ಅಪ್ಪಾ, ಸಾಕಾ?”

ಹನ್ನೊಂದು ನಿಮಿಷ.

ರಾತ್ರಿ ಊಟಕ್ಕೆ ಕೂತಾಗ ಅಕ್ಕ ಅವಳ ಮಣಿಕಟ್ಟು ಹಿಡಿದು ದೀಪಕ್ಕೆ ತೋರಿಸಿದಳು. ನನ್ನ ನಾಲ್ಕು ಬೆರಳೂ ಮೂಡಿದ್ದವು.

ಜೂನ್ 24

ಹತ್ತು ದಿನ ಹೋಗಲಿಲ್ಲ. ಮಳೆ ಎಂದೆ. ನೆಗಡಿ ಎಂದೆ. ಅರ್ಜೆಂಟ್ ಕೆಲಸ ಎಂದೆ.

ಅಕ್ಕ ಇವತ್ತು ಬಾಯಿಬಿಟ್ಟಳು. “ನೀನು ಅವಳನ್ನ ಕಾಯ್ತಾ ಇಲ್ಲ ಕಣೋ. ಬಚ್ಚಿಡ್ತಾ ಇದ್ದೀಯ.”

“ನಿಂಗೇನು ಗೊತ್ತು?”

“ನಂಗೆ ಮಂಡಿ ನೋವು, ನಡೆಯೋಕಾಗಲ್ಲ. ಇಲ್ಲದಿದ್ರೆ ನಿನ್ನ ಕೇಳ್ತಾನೂ ಇರ್ಲಿಲ್ಲ, ಎತ್ತಿಕೊಂಡು ಹೋಗ್ತಿದ್ದೆ.”

ಕೂಗಾಡಿದೆ. ಒಳಕೋಣೆಯಲ್ಲಿ ಮಗಳು ಪುಸ್ತಕವನ್ನು ಮೂಗಿಗೆ ತಾಗಿಸಿ ಓದುತ್ತಿದ್ದಳು. ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು.

ಜೂನ್ 26, ಸಂಜೆ 4:30

ಹೋದೆವು. ಮುಖ್ಯರಸ್ತೆಯವರೆಗೆ.

ಆ ಜಾಗ ಹಾಗೇ ಇದೆ. ಮೂಲೆಯಲ್ಲಿ ಪಂಕ್ಚರ್ ಅಂಗಡಿ, ಒಂದರ ಮೇಲೊಂದು ಟೈರು. ಬಸ್ಸು, ಬೈಕು, ಟೆಂಪೊ. ಒಂದು ಕಾಲು ಕೆಳಗಿಟ್ಟೆ, ತೆಗೆದೆ. ಮತ್ತೆ ಇಟ್ಟೆ. ರಸ್ತೆ ಖಾಲಿಯಾಯಿತು. ಪೂರ್ತಿ ಖಾಲಿ. ಆದರೂ ಕಾಲು ಏಳಲಿಲ್ಲ.

“ಅಪ್ಪಾ, ನಿನ್ನ ಕೈ ಒದ್ದೆ ಆಗಿದೆ.”

ಪಂಕ್ಚರ್ ಅಂಗಡಿಯವನು ಟ್ಯೂಬ್ ನೀರಲ್ಲಿ ಮುಳುಗಿಸಿಕೊಂಡೇ ನಮ್ಮನ್ನು ನೋಡುತ್ತಿದ್ದ. ಅವತ್ತು ಅವಳ ಅಮ್ಮನನ್ನು ಎತ್ತಿ ಗಾಡಿಗೆ ಹಾಕಿದವನು ಅವನೇ. ಎಲ್ಲಿ ಮಗಳ ಮುಂದೆ ಮಾತಾಡಿಸಿಬಿಡುತ್ತಾನೋ ಎಂದು ಹೆದರಿ ಹಿಂದಿರುಗಿದೆ. ಹೆಚ್ಚುಕಮ್ಮಿ ಓಡಿದೆ.

ಜುಲೈ 2

ಬೇರೆ ದಾರಿ ಸಿಕ್ಕಿತು. ಹಿಂದಿನ ಗಲ್ಲಿ, ಅಲ್ಲಿಂದ ರೈಲು ಹಳಿಯ ಮೇಲಿನ ಕಾಲುಸೇತುವೆ, ಅಲ್ಲಿಂದ ಗೋದಾಮುಗಳ ಹಿಂದೆ ಹಾದು ಮೈದಾನ. ಐದು ನಿಮಿಷದ ದಾರಿಗೆ ಇಪ್ಪತ್ತೈದು ನಿಮಿಷ. ಒಂದೂ ದೊಡ್ಡ ರಸ್ತೆಯಿಲ್ಲ.

ಅಕ್ಕ ನಕ್ಕಳು. “ಹೋಗೋಕೆ ಇಪ್ಪತ್ತೈದು, ಬರೋಕೆ ಇಪ್ಪತ್ತೈದು. ಅದೂ ಬಯಲೇ ತಾನೆ? ಡಾಕ್ಟರಮ್ಮನಿಗೆ ಸೇರಿಸಿ ಹೇಳು.”

ಮೈದಾನದಲ್ಲಿ ಬೆಂಚಿನ ಪಕ್ಕ ನಿಲ್ಲಿಸಿಕೊಂಡೆ. ಸುತ್ತ ಮಕ್ಕಳು ಕಿರುಚುತ್ತಿದ್ದವು. ಅವಳು ನಿಂತಲ್ಲೇ ನಿಂತು ಮಣ್ಣಲ್ಲಿ ಕಾಲುಬೆರಳಿಂದ ಗೀಚಿದಳು. ಹದಿನೈದು ನಿಮಿಷದಲ್ಲಿ ನನ್ನ ಅಂಗಿ ಬೆನ್ನಿಗೆ ಅಂಟಿತ್ತು.

ಜುಲೈ 9

ಇವತ್ತು ಕೈ ಬಿಟ್ಟೆ. ಬಿಟ್ಟೆ ಎನ್ನುವುದಕ್ಕಿಂತ ಬಿಡಿಸಿಕೊಂಡಳು. ಚೆಂಡು ಉರುಳಿ ಬಂತು, ಓಡಿದಳು. ಚೆಂಡು ಕೊಟ್ಟು ತಿರುಗಿ ಬಂದಳು. ಅಷ್ಟೆ.

ಚೆಂಡಿನ ಒಡತಿ ಪಂಕ್ಚರ್ ಅಂಗಡಿಯವನ ಮಗಳಂತೆ. ಹನ್ನೆರಡು ವರ್ಷ. ಎತ್ತರದ ಹುಡುಗಿ, ಗಟ್ಟಿ ಗಂಟಲು.

ಜುಲೈ 20

ಮನೆಯಲ್ಲಿ ಏನೋ ಬದಲಾಗಿದೆ. ಮಗಳು ತಟ್ಟೆ ಖಾಲಿ ಮಾಡುತ್ತಿದ್ದಾಳೆ. ಒಂಬತ್ತಕ್ಕೆ ತಲೆ ಇಟ್ಟರೆ ಬೆಳಗ್ಗೆ ಅಲ್ಲಾಡಿಸಿ ಎಬ್ಬಿಸಬೇಕು. ಮೊದಲು ನಡುರಾತ್ರಿ ಎದ್ದು ಅಕ್ಕನ ಹಾಸಿಗೆಗೆ ಹೋಗುತ್ತಿದ್ದವಳು. ಕೆನ್ನೆ ಬಿಸಿಲಿಗೆ ಸುಟ್ಟು ಕಂದಿದೆ. ಅಕ್ಕನಿಗೆ ಅದೇ ಖುಷಿ. “ಕಡ್ಡಿಗೆ ಬಣ್ಣ ಬಂತು.”

ನನಗೂ ನಿದ್ದೆ ಬರುತ್ತಿದೆ. ಬರೆಯಲು ಮುಜುಗರ, ಆದರೂ. ಬಗ್ಗಿ ಕೆಲಸ ಮಾಡಿ ಬಂದ ಕುತ್ತಿಗೆ ನೋವು ಎಷ್ಟೋ ಕಡಿಮೆ.

ಇನ್ನೊಂದು. ಕ್ಲಿನಿಕ್‌ನ ದಂತವೈದ್ಯರು ಫೋನ್ ಮಾಡಿದ್ದರು, ಹೋದ ಸಲದ ಸೆಟ್‌ಗಳ ಬಣ್ಣ ಹೇಳಿ ಮಾಡಿಸಿದ ಹಾಗಿದೆಯಂತೆ. ಅವು ಮೈದಾನದ ಬೆಂಚಿನಲ್ಲಿ ಆರಿಸಿದ ಹಲ್ಲು! ಸುಮ್ಮನೆ ಕೂತು ಭಯ ತಡೆಯಲಾಗದೆ ಹಲ್ಲಿನ ಡಬ್ಬಿ ಜೊತೆಗೆ ಒಯ್ಯುತ್ತಿದ್ದೇನೆ. ಎರಡು ವರ್ಷದಿಂದ ಟ್ಯೂಬ್‌ಲೈಟಿನ ಕೆಳಗೆ ಯಾವುದು ಹಳದಿ ಯಾವುದು ಬೂದು ಎಂದು ಊಹೆ ಮಾಡುತ್ತಿದ್ದೆ. ಬಯಲಲ್ಲಿ ಹಿಡಿದರೆ ಬಣ್ಣ ತಾನೇ ಹೇಳುತ್ತದೆ.

ಬೆಂಚಿನ ಆ ತುದಿಯಲ್ಲಿ ಕೂರುವ ಅಜ್ಜಿ ಕೇಳಿದರು, “ಯಾರ ಹಲ್ಲಪ್ಪಾ ಅದು?”

“ಗೊತ್ತಿಲ್ಲ ಅಜ್ಜಿ. ಇನ್ನೂ ಯಾರ ಬಾಯಿಗೂ ಹೋಗಿಲ್ಲ.”

ಅಜ್ಜಿ ಒಂದಿಷ್ಟು ದೂರ ಸರಿದು ಕೂತರು. ನಕ್ಕೆ. ನಗುವ ಸದ್ದು ಕೇಳಿ ನನಗೇ ಬೆಚ್ಚಿದ ಹಾಗಾಯಿತು.

ಆಗಸ್ಟ್ 8

ಅಕ್ಷರ ನೆಟ್ಟಗಿಲ್ಲ.

5:15. ಒಂದು ಮುಂಭಾಗದ ಹಲ್ಲು ಹಿಡಿದು ನೋಡುತ್ತಿದ್ದೆ. ಒಂದು ನಿಮಿಷ. ಎರಡು ಇರಬಹುದು. ತಲೆ ಎತ್ತಿದರೆ ಅವಳಿಲ್ಲ.

ಮಕ್ಕಳಿದ್ದರು, ಚೆಂಡಿತ್ತು, ಅವಳಿಲ್ಲ. ಹೆಸರು ಹಿಡಿದು ಕೂಗಿದೆ. ನಲ್ಲಿಯ ಹತ್ತಿರ ಇಲ್ಲ. ಗೇಟಿನ ಹತ್ತಿರ ಇಲ್ಲ. ಅಷ್ಟರಲ್ಲಿ ಮುಖ್ಯರಸ್ತೆಯ ಕಡೆ ಒಂದು ಬ್ರೇಕ್ ಕಿರುಚಿತು. ಡಬ್ಬಿ ಕೈಯಿಂದ ಬಿತ್ತು, ಹಲ್ಲೆಲ್ಲ ಮಣ್ಣಲ್ಲಿ. ಮತ್ತೆ ಹಲ್ಲು ನೋಡುತ್ತಾ ಕೂತಿದ್ದೆ. ಮತ್ತೆ. ರಸ್ತೆಗೆ ಓಡಿದೆ. ಅಲ್ಲೇನೂ ಇರಲಿಲ್ಲ. ಒಂದು ಟೆಂಪೊ, ಒಂದು ನಾಯಿ, ಬೈದುಕೊಳ್ಳುವ ಡ್ರೈವರ್.

“ಅಪ್ಪಾ! ಇಲ್ಲಿ! ಮೇಲೆ!”

ಮೈದಾನದ ಮೂಲೆಯ ದೊಡ್ಡ ಮರ. ಕವಲಿನಲ್ಲಿ ಅವಳು, ಪಕ್ಕದಲ್ಲಿ ಆ ಎತ್ತರದ ಹುಡುಗಿ. ಹೇಗೆ ಇಳಿದಳೋ ಕಾಣೆ. ನಗುತ್ತಾ ಓಡಿ ಬಂದಳು. “ಮರದಿಂದ ರೈಲು ಕಾಣುತ್ತಪ್ಪಾ! ನೀನು ಓಡಿದ್ದೂ ಕಾಣಿಸ್ತು!”

ಹೊಡೆದೆ. ಕೆನ್ನೆಗೆ. ಹುಟ್ಟಿದಾಗಿನಿಂದ ಒಂದು ಸಲವೂ ಕೈ ಎತ್ತಿದವನಲ್ಲ. ಕನ್ನಡಕ ಹಾರಿ ಬಿತ್ತು. ಅವಳು ಅಳಲಿಲ್ಲ. ಬಗ್ಗಿ ಮಣ್ಣಲ್ಲಿ ತಡಕಾಡಿ ಹುಡುಕಿದಳು — ಕನ್ನಡಕ ಅವಳ ಕಾಲ ಬಳಿಯೇ ಇತ್ತು, ಅವಳಿಗೆ ಕಾಣುತ್ತಿರಲಿಲ್ಲ.

ಆಗಸ್ಟ್ 9

ಕೆನ್ನೆ ಊದಿಲ್ಲ. ಅಕ್ಕ ನನ್ನ ಜೊತೆ ಮಾತಾಡುತ್ತಿಲ್ಲ.

ಆಗಸ್ಟ್ 16

ಒಂದು ವಾರ. ನಾನೇ ದಿನವೂ ಕರೆದೆ. ಚಪ್ಪಲಿ ತಂದು ಮುಂದಿಟ್ಟೆ. ಬೇಡ ಎಂದಳು. ಹೋಂವರ್ಕ್ ಇದೆ. ತಲೆನೋವು. ಮಳೆ ಬರುತ್ತೆ.

ಎಲ್ಲ ನನ್ನ ಮಾತುಗಳೇ.

ಇವತ್ತು ಮೇಜಿನ ಕೆಳಗೆ ಕೂತು ಓದುತ್ತಿದ್ದಳು. ನಾನೂ ಬಗ್ಗಿ ಒಳಗೆ ಹೋಗಿ ಕೂತೆ. ಮಂಡಿ ಗಲ್ಲಕ್ಕೆ ತಾಗುತ್ತಿತ್ತು.

“ಅವತ್ತು ಹೊಡೆದಿದ್ದು ತಪ್ಪು ಮಗಳೇ. ತುಂಬಾ ತಪ್ಪು. ಇನ್ನು ಯಾವತ್ತೂ ಹೊಡೆಯಲ್ಲ.”

“ಅದಕ್ಕಲ್ಲಪ್ಪಾ.”

“ಮತ್ತೆ?”

ಪುಟದ ಮೂಲೆ ಮಡಿಸಿದಳು, ಬಿಡಿಸಿದಳು. “ನಾನು ಹೊರಗೆ ಹೋದ್ರೆ ನಿಂಗೆ ಭಯ ಆಗುತ್ತಲ್ಲ. ಒಳಗೇ ಇದ್ರೆ ಆಗಲ್ಲ. ನಾನು ಒಳಗೇ ಇರ್ತೀನಿ.”

ನನ್ನನ್ನು ಕಾಯಲು ಈ ಮಗು ತನ್ನ ಕಣ್ಣು ಕಳೆದುಕೊಳ್ಳಲು ತಯಾರಾಗಿದೆ. ಲಾರಿಗಿಂತ ಇದು ಹೆಚ್ಚು ಹೆದರಿಸಿತು.

ಆಗಸ್ಟ್ 17

ಹೇಳಿದೆ. ಎಲ್ಲ. ಡಬ್ಬಿ, ಲಾರಿ, ಕಿಟಕಿಯಿಂದ ಕೇಳಿದ ಸದ್ದು. ಅಕ್ಕ ಬಾಗಿಲಲ್ಲಿ ನಿಂತಿದ್ದಳು, ತಡೆಯಲಿಲ್ಲ.

ಮಗಳು ಪೂರ್ತಿ ಕೇಳಿದಳು. “ಗೊತ್ತು.”

“ಏನು ಗೊತ್ತು?”

“ಅಮ್ಮಂಗೆ ಲಾರಿ ಹೊಡೀತು ಅಂತ. ವ್ಯಾನಲ್ಲಿ ಹೇಳಿದ್ರು, ಎರಡನೇ ಕ್ಲಾಸಲ್ಲೇ.” ಆಮೇಲೆ, “ನಿಂಗೆ ಹೇಳಿದ್ರೆ ಅಳ್ತೀಯ ಅಂತ ಹೇಳ್ಲಿಲ್ಲ.”

ಎರಡು ವರ್ಷ. ಒಂದೇ ಮನೆಯಲ್ಲಿ, ಒಂದೇ ಮಾತನ್ನು ಇಬ್ಬರೂ ಬಾಯಲ್ಲಿಟ್ಟುಕೊಂಡು ಓಡಾಡಿದ್ದೇವೆ.

ನನಗೆ ಅಳು ಬಂತು. ಮಗಳು ನನ್ನ ತಲೆ ಸವರಿದಳು, ನಾನು ಅವಳಿಗೆ ಮಾಡುವ ಹಾಗೆ.

ಆಗಸ್ಟ್ 20, ಸಂಜೆ

ದಾಟಿದೆವು.

ಸೇತುವೆಯ ಸುತ್ತುದಾರಿ ಹಿಡಿಯಲಿಲ್ಲ. ಮೂಲೆಗೆ ಹೋಗಿ ನಿಂತಾಗ ಕಾಲು ಮತ್ತೆ ಕಲ್ಲಾಯಿತು. ಪಂಕ್ಚರ್ ಅಂಗಡಿಯವನು ಕೈ ಒರೆಸಿಕೊಂಡು ಎದ್ದು ಬಂದ. ನನ್ನನ್ನು ನೋಡಲಿಲ್ಲ, ಮಗಳನ್ನು ಕೇಳಿದ.

“ಎಷ್ಟು ದಿನ ಆಯ್ತಮ್ಮಾ ನಿನ್ನ ನೋಡಿ? ನಮ್ಮ ಹುಡುಗಿ ದಿನಾ ಕೇಳ್ತಾಳೆ.”

“ಅಪ್ಪಂಗೆ ಈ ರಸ್ತೆ ಭಯ,” ಎಂದಳು. ಮುಚ್ಚುಮರೆ ಇಲ್ಲ.

“ನಂಗೂ ಭಯ ಕಣಮ್ಮಾ. ಎಲ್ಲಾ ನೋಡ್ಕೊಂಡು ಇಲ್ಲೇ ಕೂತಿರೋನು ನಾನು.” ಆಮೇಲೆ ನನ್ನ ಕಡೆ ತಿರುಗಿದ. “ಬನ್ನಿ ಸಾರ್, ಮೂರು ಜನ ಒಟ್ಟಿಗೆ ಹೋಗೋಣ. ಎರಡೂ ಕಡೆ ನೋಡಿ, ನಿಂತ ಗಾಡಿ ಹಿಂದಕ್ಕೆ ಬರುತ್ತಾ ಅದನ್ನೂ ನೋಡಿ. ಅವಸರ ಬೇಡ.”

ಅವನ ಗ್ರೀಸ್ ಕೈ ನನ್ನ ಮೊಣಕೈ ಹಿಡಿದಿತ್ತು. ಮಗಳು ಜೋರಾಗಿ ಹೇಳುತ್ತಿದ್ದಳು: “ಬಸ್ ಹೋಯ್ತು... ಬೈಕ್ ಹೋಯ್ತು... ಟೆಂಪೊ ನಿಂತಿದೆ, ಹಿಂದೆ ಬರ್ತಿಲ್ಲ... ಈಗ!”

ಆ ಕಡೆ ಮುಟ್ಟಿದ ಮೇಲೆ ಕಟ್ಟೆಯ ಮೇಲೆ ಕುಸಿದು ಕೂತೆ. ಸ್ವಲ್ಪ ಅಳುವೂ ಬಂತು. ಅವಳು ಅಷ್ಟರಲ್ಲಿ ಮೈದಾನದ ಒಳಗೆ ಓಡಿಯಾಗಿತ್ತು.

ಅಕ್ಟೋಬರ್ 5

ಬಹಳ ದಿನ ಬರೆದಿಲ್ಲ. ಸಂಜೆ ಮನೆಯಲ್ಲಿ ಇರುವುದೇ ಇಲ್ಲ.

ಮಂಡಿ ಎರಡು ಸಲ ಒಡೆದುಕೊಂಡಿದ್ದಾಳೆ. ಮರ ಹತ್ತುತ್ತಾಳೆ, ನಾನು ಕೆಳಗೆ ನಿಲ್ಲುತ್ತೇನೆ, ಕೈ ಚಾಚಿಕೊಂಡು. ಭಯ ಹೋಗಿಲ್ಲ. ಪ್ರತಿ ಹಾರ್ನ್‌ಗೂ ಎದೆ ಧಸಕ್ಕೆನ್ನುತ್ತದೆ. ಆದರೆ ಮುಂಚೆ ಅದು ದಿನವಿಡೀ ಇತ್ತು. ಈಗ ಬರುತ್ತದೆ, ಹೋಗುತ್ತದೆ.

ಡಿಸೆಂಬರ್ 6

ಆರು ತಿಂಗಳ ಚೆಕಪ್. ಕಣ್ಣಿಗೆ ಬೆಳಕು ಬಿಟ್ಟರು, ಮಗಳು ಅಕ್ಷರ ಓದಿದಳು, ಕಣ್ಣಿನ ಉದ್ದ ಅಳೆದರು. ಡಾಕ್ಟರ್ ಹಳೆಯ ಕಾಗದ, ಹೊಸ ಕಾಗದ ಪಕ್ಕಪಕ್ಕ ಇಟ್ಟುಕೊಂಡು ನೋಡಿದರು.

“ನಾಲ್ಕೂ ಮುಕ್ಕಾಲು ಇತ್ತು. ಈಗ ಐದು.”

“ಏರಿದೆಯಾ?”

“ಆರು ತಿಂಗಳಿಗೆ ಕಾಲು. ಹಳೇ ವೇಗದಲ್ಲಿ ಹೋಗಿದ್ರೆ ಒಂದಕ್ಕಿಂತ ಜಾಸ್ತಿ ಆಗ್ತಿತ್ತು.” ಕನ್ನಡಕದ ಮೇಲಿಂದ ನೋಡಿದರು. “ಹನಿಯಿಂದ ಎಷ್ಟು, ಬಯಲಿಂದ ಎಷ್ಟು ಅಂತ ನಾನು ಬಿಡಿಸಿ ಹೇಳೋಕಾಗಲ್ಲ. ಎರಡನ್ನೂ ಬಿಡಬೇಡಿ. ಈಗ ಹೇಳಿ, ದಿನಕ್ಕೆ ಎಷ್ಟು ಹೊತ್ತು ಹೊರಗೆ?”

ನಾನು ಬಾಯಿ ತೆರೆಯುವ ಮುಂಚೆ ಮಗಳೇ ಹೇಳಿದಳು. “ಎರಡು ಗಂಟೆ. ಭಾನುವಾರ ಅಪ್ಪ ಟೈಮ್ ನೋಡೋದು ಮರೆತ್ರೆ ಮೂರು.”

ಡಿಸೆಂಬರ್ 13

ಹೊಸ ತಕರಾರು. ನಾನಿಲ್ಲದೆ ಹೋಗಬೇಕಂತೆ. ಪಂಕ್ಚರ್ ಅಂಗಡಿಯವನ ಮಗಳ ಜೊತೆ, ಇಬ್ಬರೇ. “ಎಲ್ಲರ ಅಪ್ಪನೂ ಬೆಂಚಲ್ಲಿ ಕೂರಲ್ಲ.” ಆಗುವುದೇ ಇಲ್ಲ ಎಂದೆ. ಅಕ್ಕ ನನ್ನನ್ನೇ ದಿಟ್ಟಿಸಿದಳು. ನಾಳೆ ನೋಡೋಣ ಎಂದೆ. ಅವಳು ಅದನ್ನೇ ಹೂಂ ಎಂದುಕೊಂಡು ಕುಣಿದಳು.

ಡಿಸೆಂಬರ್ 14, ಸಂಜೆ 4:05

ಹೋದಳು. 5:30ಕ್ಕೆ ವಾಪಸು ಎಂದು ಮಾತು. ರಸ್ತೆ ದಾಟುವಾಗ ಅಂಗಡಿಯವನು ಎದ್ದು ನಿಂತು ನೋಡುತ್ತಾನೆ.

4:20

ಹೊಸಿಲ ಮೇಲೆ ಕೂತಿದ್ದೇನೆ. ಕೆಲಸದ ಕಡೆ ಹೋಗಲು ಆಗುತ್ತಿಲ್ಲ. ಅಂಗಡಿಯವನ ಫೋನ್: “ಸಾರ್, ದಾಟಿದ್ರು. ಇಬ್ಬರೂ ಎರಡೂ ಕಡೆ ನೋಡಿದ್ರು.” ಥ್ಯಾಂಕ್ಸ್ ಎನ್ನಲೂ ಮರೆತೆ.

5:05

ಅಕ್ಕ ಪಕ್ಕದಲ್ಲಿ ಬಂದು ಕೂತಳು. ಮಂಡಿ ನೀವಿಕೊಳ್ಳುತ್ತಾ, “ನಿಂಗೊಂದು ಕೆಲಸ ಕೊಡ್ಲಾ? ಉಸಿರಾಡು.”

5:30

ಇಲ್ಲ.

5:34

ಇಲ್ಲ. ಯಾವುದೋ ಗಾಡಿ ಹಿಂದಕ್ಕೆ ಬರುವ ಪೀಂ ಪೀಂ. ಎದ್ದೆ. ಅಕ್ಕ ಅಂಗಿ ಹಿಡಿದು ಕೂರಿಸಿದಳು. “ಇನ್ನು ಐದು ನಿಮಿಷ. ಮಕ್ಕಳಿಗೆ ಗಡಿಯಾರ ಇರಲ್ಲ.” ಅವಳ ಕೈಯೂ ತಣ್ಣಗಿದೆ.

5:38

ಬರೆಯುತ್ತಿದ್ದರೆ ಓಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಐದು ನಿಮಿಷ ಎಂದಿದ್ದಾಳೆ, ಇನ್ನೂ ಒಂದು ಉಳಿದಿದೆ, ಗಲ್ಲಿಯ ತಿರುವಿನಲ್ಲಿ ಎರಡು ತಲೆ, ಒಂದು ಎತ್ತರ, ಒಂದು ಗಿಡ್ಡ, ಏನೋ ಜೋರಾಗಿ ವಾದ ಮಾಡಿಕೊಂಡು ಬರುತ್ತಿವೆ, ಅಷ್ಟು ದೂರದಿಂದಲೇ ನನ್ನನ್ನು ನೋಡಿ ಕೈ ಎತ್ತಿ—

“ಅಪ್ಪಾ, ಇವತ್ತು ನಾವು—” ಪೆನ್ನು ಕೆಳಗಿಡುತ್ತೇನೆ, ಪೂರ್ತಿ ಕೇಳಬೇಕು.